ಹುಲಿ ಎಣಿಸುವ ದುಡ್ಡಲ್ಲಿ ಇನ್ನಷ್ಟು ಗಾರ್ಡುಗಳನ್ನು ನೇಮಿಸಬಾರದೇ?

ಕ್ಯಾಮೆರಾ, ಗಣತಿ, ಸರ್ವೆ ಅಂತ ಕೋಟಿಗಟ್ಟಲೆ ಸುರಿಯುವ ಬದಲು ಅದೇ ಹಣದಲ್ಲಿ ಗಾರ್ಡುಗಳನ್ನು ನೇಮಿಸಿದರೆ ಕಾಡು ಉಳಿಯುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಇಲಾಖೆಯವನಲ್ಲ. ಚಾಮರಾಜನಗರದ ಕಡೆಯವನು, ಕಾಲೇಜು ಮುಗಿದ ಹೊಸದರಲ್ಲಿ ಸ್ವಯಂಸೇವಕನಾಗಿ ಎರಡು ಸಲ ಗಣತಿಗೆ ಹೋಗಿದ್ದೆ. ಅದಕ್ಕೂ ಮೊದಲು ನಾನೂ ನಿಮ್ಮ ಹಾಗೆಯೇ ಹೇಳುತ್ತಿದ್ದೆ. ಸರಿಸ್ಕಾದ ಕತೆ ಸರಿಯಾಗಿ ತಿಳಿದ ಮೇಲೆ ಬಿಟ್ಟೆ.

ರಾಜಸ್ಥಾನದ ಸರಿಸ್ಕಾದಲ್ಲಿ ಗಾರ್ಡುಗಳೂ ಇದ್ದರು, ಗಣತಿಯೂ ನಡೆಯುತ್ತಿತ್ತು. 2004ರ ಲೆಕ್ಕದಲ್ಲಿ ಅಲ್ಲಿ 16ರಿಂದ 18 ಹುಲಿ. 2005ರ ಆರಂಭದಲ್ಲಿ ಹುಡುಕಿದರೆ ಒಂದೂ ಇಲ್ಲ. ಎಲ್ಲವನ್ನೂ ಕಳ್ಳಬೇಟೆಯವರು ಮುಗಿಸಿದ್ದರು. ಹುಲಿ ಒಂದೊಂದಾಗಿ ಹೋಗುತ್ತಿದ್ದಾಗಲೂ ಕಾಗದದ ಮೇಲೆ ಹುಲಿ ಇತ್ತು. ಆಗಿನ ಪದ್ಧತಿ ಹೆಜ್ಜೆ ಗುರುತಿನದು: ಮಣ್ಣಿನಲ್ಲಿ ಮೂಡಿದ ಹೆಜ್ಜೆಯ ಮೇಲೆ ಗಾಜಿಟ್ಟು ಗೆರೆ ಎಳೆದು, ಇದು ಇಂಥ ಹುಲಿಯದೇ ಎಂದು ಗುರುತಿಸುವುದು. ಒಂದೇ ಹುಲಿಯ ಹೆಜ್ಜೆ ಒದ್ದೆ ಮಣ್ಣಲ್ಲಿ ಒಂದು ಥರ, ಧೂಳಲ್ಲಿ ಇನ್ನೊಂದು ಥರ ಬೀಳುತ್ತದೆ. ಕಲ್ಲು ನೆಲದಲ್ಲಿ ಬೀಳುವುದೇ ಇಲ್ಲ. ಮೇಲಾಗಿ ತನ್ನ ವಲಯದಲ್ಲಿ ಹುಲಿ ಕಡಿಮೆಯಾಗಿದೆ ಎಂದು ತಾನೇ ಬರೆದುಕೊಡಲು ಯಾವ ಅಧಿಕಾರಿಗೆ ಮನಸ್ಸು ಬಂದೀತು?

ಬೇರೆ ದಾರಿ ಆಗಲೇ ನಮ್ಮ ನಾಗರಹೊಳೆಯಲ್ಲಿತ್ತು. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಿಂದಲೇ ಅಲ್ಲಿ ಕ್ಯಾಮೆರಾ ಕಟ್ಟಿ ಹುಲಿಯ ಅಂದಾಜು ಮಾಡುತ್ತಿದ್ದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಅದರ ಎಡ ಮಗ್ಗುಲಿಗೂ ಬಲ ಮಗ್ಗುಲಿಗೂ ಕೂಡ ಹೊಂದಿಕೆಯಿಲ್ಲ, ಹಾಗಾಗಿ ಕಾಡುದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಬೇಕು. ಲೆಕ್ಕದ ತಿರುಳು ಸರಳ. ನೀವು ವಾರವಾರ ಸಂತೆಯ ಬಾಗಿಲಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಕಂಡ ಮುಖಗಳೇ ಮತ್ತೆ ಮತ್ತೆ ಕಂಡರೆ ಬರುವವರನ್ನೆಲ್ಲ ಹೆಚ್ಚುಕಡಿಮೆ ನೋಡಿಯಾಯಿತು. ಪ್ರತಿ ವಾರ ಹೊಸ ಮುಖಗಳೇ ಬರುತ್ತಿದ್ದರೆ, ನೋಡದವರು ಇನ್ನೂ ಬಹಳ ಇದ್ದಾರೆ. ಕಂಡದ್ದನ್ನು ಕೂಡಿಸುವುದು ಗುಮಾಸ್ತಿಕೆ. ಕಾಣದೆ ಉಳಿದದ್ದು ಎಷ್ಟು ಎಂದು ಅಂದಾಜು ಮಾಡುವುದು ಇಲ್ಲಿನ ವಿಜ್ಞಾನ.

ಸರಿಸ್ಕಾದ ನಂತರ ಕಾರ್ಯಪಡೆ ಕೂತಿತು, 2006ರಲ್ಲಿ ವನ್ಯಜೀವಿ ಕಾಯ್ದೆ ತಿದ್ದುಪಡಿಯಾಗಿ ಹುಲಿ ಸಂರಕ್ಷಣಾ ಪ್ರಾಧಿಕಾರ ಬಂತು, ನಾಲ್ಕು ವರ್ಷಕ್ಕೊಮ್ಮೆ ಇಡೀ ದೇಶದಲ್ಲಿ ಹೊಸ ಪದ್ಧತಿಯ ಎಣಿಕೆ ಶುರುವಾಯಿತು. ಹಳೆಯ ಪದ್ಧತಿಯಲ್ಲಿ 3,642 ಇದ್ದ ಹುಲಿ ಹೊಸದರಲ್ಲಿ 1,411ಕ್ಕೆ ಇಳಿಯಿತು. ಅಷ್ಟು ಹುಲಿ ಸತ್ತವೇ, ಮೊದಲೇ ಇರಲಿಲ್ಲವೇ? ಹೇಳುವಂತೆಯೇ ಇಲ್ಲ, ಅಳೆಯುವ ಕೋಲೇ ಬದಲಾಗಿತ್ತು. ಆದರೆ 2006ರಿಂದ ಈಚಿನ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. 2022ರ ಅಂದಾಜು ದೇಶಕ್ಕೆ 3,682, ಕರ್ನಾಟಕಕ್ಕೆ 563. ಸರಿಸ್ಕಾಕ್ಕೆ 2008ರಲ್ಲಿ ರಣಥಂಬೋರಿನಿಂದ ಹೆಲಿಕಾಪ್ಟರಿನಲ್ಲಿ ಹುಲಿ ತಂದು ಬಿಟ್ಟರು. ಅಲ್ಲಿ ಹುಲಿ ಇಲ್ಲ ಎಂದು ಮೊದಲು ಒಪ್ಪಿಕೊಂಡಿದ್ದರಿಂದ ತಾನೇ ಅದು ಸಾಧ್ಯವಾದದ್ದು?

ನೀವು ಗಾರ್ಡು ಬೇಕು ಅನ್ನುವುದು ತಪ್ಪಲ್ಲ. ಆದರೆ ಕ್ಯಾಮೆರಾ ಕಟ್ಟುವವರು, ಕಾರ್ಡ್ ಬದಲಿಸಲು ಆನೆ ದಾರಿಯಲ್ಲಿ ನಡೆಯುವವರು ಅವರೇ ಗಾರ್ಡು, ವಾಚರುಗಳು. ಗಣತಿ ಅಂದರೆ ಎಷ್ಟೋ ಕಡೆ ಅದೇ ಗಸ್ತು, ಬರೆದಿಡುವ ಗಸ್ತು. ಯಾವ ಮೂಲೆಗೆ ಗಾರ್ಡನ್ನು ಹಾಕಬೇಕು ಎನ್ನುವುದೂ ಅಲ್ಲಿಂದಲೇ ತಿಳಿಯಬೇಕು.

ಇನ್ನು ನಿಮ್ಮ ಅನುಮಾನ ನಿಜವಾಗುವ ಜಾಗಕ್ಕೆ ಬರುತ್ತೇನೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು 1997ರಲ್ಲಿ ಗುರುತು ಮಾಡಿದ ಜಾಗಗಳಿಗೇ 2008ರಲ್ಲಿ ಮತ್ತೆ ಹೋಗಿ, ಹೊರಗಿನಿಂದ ಬಂದು ಕಾಡನ್ನು ಕವಿಯುವ ಲಂಟಾನ ಎಂಬ ಕಳೆಪೊದೆ ಎಷ್ಟಿದೆ ಎಂದು ನೋಡಿದರು. ಮೊದಲು 41 ಶೇಕಡಾ ಜಾಗಗಳಲ್ಲಿದ್ದದ್ದು 81ಕ್ಕೆ ಏರಿತ್ತು. ಲಂಟಾನ ಕವಿದ ಕಡೆ ಹುಲ್ಲು ಏಳುವುದಿಲ್ಲ, ಹುಲ್ಲಿಲ್ಲದ ಕಡೆ ಜಿಂಕೆ ಏನು ತಿನ್ನಬೇಕು? ಹುಲಿಯ ಸಂಖ್ಯೆ ಪ್ರಧಾನಿ ಬಿಡುಗಡೆ ಮಾಡುವ ಸುದ್ದಿ, ಲಂಟಾನದ ಸಂಖ್ಯೆಗೆ ಆ ಭಾಗ್ಯವಿಲ್ಲ. ಅಳತೆ ಪಕ್ಕಾ ಇದ್ದರೂ ಅದನ್ನು ಓದಿ ಇಂಥದ್ದು ಮಾಡು ಎಂದು ಹೇಳುವ ಕಟ್ಟುಪಾಡು ಎಲ್ಲೂ ಇಲ್ಲದಿದ್ದರೆ ವರದಿ ಬೀರುವಿನಲ್ಲೇ ಕೂರುತ್ತದೆ.

ಆ ಬೆಟ್ಟದ ಕಾಡಿನಲ್ಲೇ ಬಾಳುವ ಬುಡಕಟ್ಟಿನವರಾದ ಸೋಲಿಗರು ಇದಕ್ಕೆ ಕಾರಣವನ್ನೂ ಹೇಳುತ್ತಾರೆ. ಮೊದಲು ಬೇಸಿಗೆಯ ಆರಂಭದಲ್ಲಿ ತರಗು ಬೆಂಕಿ ಕೊಡುತ್ತಿದ್ದೆವು, ಒಣ ಎಲೆಯಷ್ಟೇ ಸುಟ್ಟು ಆರುತ್ತಿತ್ತು, ಲಂಟಾನ ತಲೆ ಎತ್ತುತ್ತಿರಲಿಲ್ಲ, ನೆಲ್ಲಿ ಮರಕ್ಕೆ ಬಂದಳಿಕೆಯೂ ಇಷ್ಟು ಹತ್ತುತ್ತಿರಲಿಲ್ಲ, ಬೆಂಕಿ ನಿಷೇಧವಾದ ಮೇಲೆ ಹೀಗಾಯಿತು ಅಂತ. ಪೂರ್ತಿ ಸರಿಯೋ ಅಲ್ಲವೋ, ಪರೀಕ್ಷಿಸಬಹುದಾದ ಮಾತು: ನಾಲ್ಕು ತುಂಡು ಕಾಡಿಗೆ ಹದವಾಗಿ ಬೆಂಕಿ ಕೊಟ್ಟು, ನಾಲ್ಕನ್ನು ಹಾಗೇ ಬಿಟ್ಟು, ಹತ್ತು ವರ್ಷ ನೋಡುವುದು. ಅಷ್ಟು ವರ್ಷ ಕಾಯುವ ತಾಳ್ಮೆ, ವರ್ಗಾವಣೆಯ ನೌಕರಿಯಲ್ಲಿ ಯಾರಿಗಿದೆ?

ಎರಡನೇ ಸಲದ ಗಣತಿಯಲ್ಲಿ ನಮ್ಮ ಮುಂದೆ ಮಚ್ಚು ಹಿಡಿದು ಲಂಟಾನ ಸವರಿ ದಾರಿ ಮಾಡುತ್ತಿದ್ದ ಸೋಲಿಗ ವಾಚರಣ್ಣ ಒಂದು ಇಳಿಜಾರು ತೋರಿಸಿ, ಇಲ್ಲಿ ಕಡೇ ಸಲ ತರಗು ಸುಟ್ಟಾಗ ನನಗೆ ಇನ್ನೂ ಮದುವೆ ಆಗಿರಲಿಲ್ಲ ಸ್ವಾಮಿ, ಅಂದ. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಕಂಡ ಪ್ರಾಣಿ, ಎಷ್ಟು, ದೂರ, ಕೋನ, ಸಮಯ ಇಷ್ಟಕ್ಕೇ ಕಾಲಂ ಇತ್ತು. ಅವನು ಹೇಳಿದ್ದನ್ನು ಹಾಳೆಯ ಹಿಂಬದಿಗೆ ಬರೆದುಕೊಂಡು ಸಂಜೆ ಕ್ಯಾಂಪಿನಲ್ಲಿ ಕೊಟ್ಟೆ. ಕಂಪ್ಯೂಟರಿಗೆ ಹಾಕುವ ಹುಡುಗ ಮುಂಬದಿ ನೋಡಿ ಮುಂದಿನ ಹಾಳೆಗೆ ಹೋದ.