ಔಷಧ ಕುಡಿಸಿದರೂ ಜಂತು ತಿರುಗಿ ಬರುವುದೇಕೆ, ಕುರಿಯ ಮೈ ಅದನ್ನು ತಡೆಯುವುದಿಲ್ಲವೇಕೆ?

ಶಿರಾ ಕಡೆಯ ಅಣ್ಣನವರೇ, ನಿಮ್ಮ ಪ್ರಶ್ನೆಗೆ ಬಂದಿರುವ ಉತ್ತರಗಳನ್ನೆಲ್ಲ ಓದಿದೆ. ಒಬ್ಬರು ಕಂಪನಿ ಬದಲಿಸಿ ಎಂದಿದ್ದಾರೆ, ಒಬ್ಬರು ರೋಗನಿರೋಧಕ ಶಕ್ತಿಯ ಟಾನಿಕ್ ಕೊಡಿ ಎಂದಿದ್ದಾರೆ, ಇನ್ನೊಬ್ಬರು ಬೇವಿನ ಸೊಪ್ಪೇ ಸಾಕು ಎಂದಿದ್ದಾರೆ. ನೀವು ಕೇಳಿದ್ದು ಬೇರೆ. ಪಿಪಿಆರ್ ಎಂಬ ವೈರಾಣು ರೋಗಕ್ಕೆ ಚುಚ್ಚುಮದ್ದು ಒಮ್ಮೆ ಹಾಕಿಸಿದರೆ ಮೂರು ವರ್ಷ ನಿಶ್ಚಿಂತೆ. ಜಂತು ಮಾತ್ರ ಮಳೆಗಾಲದಲ್ಲಿ ಎರಡು ಬಾರಿ ಔಷಧ ಕುಡಿಸಿದರೂ ತಿರುಗಿ ಬರುತ್ತದೆ. ವರ್ಷಗಟ್ಟಲೆ ಹೊಟ್ಟೆಯಲ್ಲಿ ಹುಳು ಇಟ್ಟುಕೊಂಡ ಕುರಿಯ ಮೈಗೂ ಅದನ್ನು ಹೊರಹಾಕಲು ಬರುವುದಿಲ್ಲವೇಕೆ, ಇದಕ್ಕೆ ಲಸಿಕೆ ಇಲ್ಲವೇಕೆ ಎಂದು ಕೇಳಿದ್ದೀರಿ. ಇದರ ಉತ್ತರ ಗೊತ್ತಾದರೆ ಔಷಧವನ್ನು ಯಾವ ಕುರಿಗೆ, ಯಾವಾಗ ಹಾಕಬೇಕೆಂಬುದೂ ತಾನಾಗಿ ಗೊತ್ತಾಗುತ್ತದೆ. ಅದಕ್ಕಾಗಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಯಾವ ಹುಳು ಎಂಬುದು. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು, ಕಣ್ಣಿನ ಒಳರೆಪ್ಪೆ ಬಿಳಿಚಿರುವುದು, ಹಿಕ್ಕೆ ಮಾತ್ರ ಗಟ್ಟಿಯಾಗಿಯೇ ಇರುವುದು ಎಂದು ಬರೆದಿದ್ದೀರಿ. ಮಳೆಗಾಲದಲ್ಲಿ ನಮ್ಮ ಕಡೆ ಈ ಮೂರೂ ಒಟ್ಟಿಗೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಹೀಮಾಂಕಸ್ ಕಂಟಾರ್ಟಸ್ ಎಂಬ ರಕ್ತ ಹೀರುವ ಜಂತುವನ್ನು. ಭೇದಿ ಆಗಿಲ್ಲವಲ್ಲ, ಹಾಗಾದರೆ ಜಂತುವಲ್ಲ ಎಂದುಕೊಂಡು ಕುರಿ ಕಳೆದುಕೊಂಡವರು ಬಹಳ ಮಂದಿ. ಈ ಹುಳು ಇರುವುದು ಕರುಳಿನಲ್ಲಲ್ಲ, ನಾಲ್ಕನೇ ಹೊಟ್ಟೆಯಲ್ಲಿ. ಸತ್ತ ಕುರಿಯ ಆ ಹೊಟ್ಟೆಯನ್ನು ಸೀಳಿ ನೋಡಿದರೆ ಕೆಂಪು ಬಿಳಿ ಎಳೆ ಹೊಸೆದಂತಹ, ಎರಡು ಮೂರು ಸೆಂಟಿಮೀಟರ್ ಉದ್ದದ ಹೆಣ್ಣು ಹುಳುಗಳು ಬರಿಗಣ್ಣಿಗೇ ಕಾಣುತ್ತವೆ. ಒಂದೊಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ. ಅತ್ಯಲ್ಪ ಎನಿಸಬಹುದು. ಆದರೆ ಸಾವಿರ ಹುಳುವಾದರೆ ದಿನಕ್ಕೆ 50 ಮಿಲಿಲೀಟರ್. 25 ಕಿಲೋ ತೂಗುವ ಕುರಿಯ ಮೈಯಲ್ಲಿ ಇರುವುದೇ ಒಂದೂವರೆ ಲೀಟರಿನಷ್ಟು ರಕ್ತ. ಲೆಕ್ಕ ನೀವೇ ಹಾಕಿ. ರಕ್ತದ ಜೊತೆ ಪ್ರೋಟೀನೂ ಸೋರಿಹೋಗುವುದರಿಂದಲೇ ಗದ್ದದ ಕೆಳಗೆ ನೀರು ಇಳಿಯುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪಿಪಿಆರ್ ವೈರಾಣು ಬಂದು, ಬೆಳೆದು, ಹರಡಿ ಹೋಗುವುದು ಕೆಲವೇ ದಿನಗಳಲ್ಲಿ. ಅದರ ಹೊರರೂಪ ಹೆಚ್ಚು ಬದಲಾಗುವುದೂ ಇಲ್ಲ. ಮೈ ಒಮ್ಮೆ ಗುರುತು ಹಿಡಿದರೆ ಸಾಕು. ಜಂತು ಹಾಗಲ್ಲ. ಅದಕ್ಕೆ ತಿಂಗಳುಗಟ್ಟಲೆ ಅದೇ ಕುರಿಯೊಳಗೆ ಬದುಕಿ ಮೊಟ್ಟೆ ಇಡುತ್ತಲೇ ಇರಬೇಕು. ಕುರಿ ಬೇಗ ಸತ್ತರೆ ಅದಕ್ಕೂ ನಷ್ಟ, ಕುರಿಯ ಮೈ ಪೂರ್ತಿ ಎಚ್ಚೆತ್ತುಕೊಂಡರೂ ನಷ್ಟ. ಹಾಗಾಗಿ ಸಾವಿರಾರು ತಲೆಮಾರುಗಳಲ್ಲಿ ಅದು ಕಲಿತಿರುವುದು ಕುರಿಯ ರಕ್ಷಣಾ ವ್ಯವಸ್ಥೆಯನ್ನು ಹಾಳುಮಾಡುವುದನ್ನಲ್ಲ, ಅದನ್ನು ತಣ್ಣಗೆ ಇಡುವುದನ್ನು.

ಮೊದಲ ಉಪಾಯ ಪೊರೆ ಕಳಚುವುದು. ಹುಲ್ಲಿನ ತುದಿಯಿಂದ ಕುರಿಯ ಬಾಯಿಗೆ ಹೋಗುವ ಮರಿಹುಳು ಎರಡು ಪದರದ ಹೊದಿಕೆಯೊಳಗೆ ಇರುತ್ತದೆ. ದೊಡ್ಡ ಹೊಟ್ಟೆಗೆ ಬಂದಾಗ ಹೊರಗಿನ ಪೊರೆಯನ್ನು ಅಲ್ಲೇ ಬಿಟ್ಟು ನಾಲ್ಕನೇ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿ ಗ್ರಂಥಿಗಳ ಒಳಗೆ ನುಗ್ಗಿ ಮತ್ತೊಮ್ಮೆ ಪೊರೆ ಬಿಡುತ್ತದೆ, ದೊಡ್ಡದಾಗುವಾಗ ಇನ್ನೊಮ್ಮೆ. ಪ್ರತಿ ಹಂತದಲ್ಲೂ ಮೈಮೇಲಿನ ಪ್ರೋಟೀನುಗಳು ಬೇರೆ. ಕುರಿಯ ಮೈ ಒಂದು ಹಂತವನ್ನು ಗುರುತು ಹಿಡಿದು ಪ್ರತಿಕಾಯ ತಯಾರಿಸುವಷ್ಟರಲ್ಲಿ ಹುಳು ಮುಂದಿನ ಹಂತದಲ್ಲಿರುತ್ತದೆ. ಕಳ್ಳ ಬಿಚ್ಚಿ ಎಸೆದ ಅಂಗಿಯನ್ನು ಹಿಡಿದುಕೊಂಡು ಊರೆಲ್ಲ ಕಳ್ಳನನ್ನು ಹುಡುಕಿದಂತೆ. ಇಷ್ಟೆಲ್ಲ ಮುಗಿಯುವುದಕ್ಕೆ ಮೂರು ವಾರ ಸಾಕು. ಆಮೇಲೆ ಒಂದೊಂದು ಹೆಣ್ಣು ಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ.

ಎರಡನೆಯದು ಹುಳು ಹೊರಬಿಡುವ ರಸ. ಅದರಲ್ಲಿ ನೂರಾರು ಬಗೆಯ ಪ್ರೋಟೀನುಗಳಿವೆ. ಇದರ ಮೇಲೆ ಒಳ್ಳೆಯ ಕೆಲಸ ನಡೆದಿರುವುದು ನಮ್ಮ ದೇಶದಲ್ಲೇ, ಬರೇಲಿಯ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ. ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸಾಲೊಂದಿದೆ. ಒಂದು ಚುರುಕಾದರೆ ಮುಂದಿನದನ್ನು ಚುರುಕುಗೊಳಿಸುತ್ತ ಕೊನೆಗೆ ಶತ್ರುವಿನ ಪೊರೆಗೇ ತೂತು ಕೊರೆಯುವ ವ್ಯವಸ್ಥೆ ಅದು. ರಕ್ತ ಕುಡಿಯುವ ಹುಳುವಿಗೆ ಇದೇ ಮೊದಲ ಅಪಾಯ. ಹೀಮಾಂಕಸ್ ಸುರಿಸುವ ಕ್ಯಾಲ್‌ರೆಟಿಕ್ಯುಲಿನ್ ಎಂಬ ಪ್ರೋಟೀನು ಈ ಸಾಲಿನ ಮೊದಲ ಕೊಂಡಿಯನ್ನೇ ಅಂಟಿ ಹಿಡಿಯುತ್ತದೆ. ಮತ್ತೊಂದು ಪ್ರೋಟೀನು ಸಿ3 ಎಂಬ ನಡುವಿನ ಕೊಂಡಿಯನ್ನು ಹಿಡಿಯುತ್ತದೆ. ಇದರಲ್ಲಿ ನನಗೆ ಅತಿ ಸೋಜಿಗ ಎನಿಸಿದ್ದು ಏನೆಂದರೆ, ಈ ಎರಡನೆಯದು ಸಕ್ಕರೆಯನ್ನು ಶಕ್ತಿಯಾಗಿಸಲು ಎಲ್ಲ ಜೀವಿಗಳಲ್ಲೂ ಇರುವ ಸಾಮಾನ್ಯ ಕಿಣ್ವ. ಹುಳು ಅದಕ್ಕೆ ಹೊರಗೊಂದು ಹೆಚ್ಚುವರಿ ಕೆಲಸ ವಹಿಸಿದೆ. ಕ್ಯಾಲ್‌ರೆಟಿಕ್ಯುಲಿನ್‌ಗೂ ಹಾಗೆಯೇ ಇನ್ನೊಂದು ಕೆಲಸವಿದೆ: ರಕ್ತ ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು, ಕಚ್ಚಿದ ಜಾಗದಲ್ಲಿ ರಕ್ತ ಹರಿಯುತ್ತಲೇ ಇರುವಂತೆ ನೋಡಿಕೊಳ್ಳುವುದು. ಇವುಗಳ ಜೊತೆಗೆ ಗ್ಯಾಲೆಕ್ಟಿನ್ ಎಂಬ ಪ್ರೋಟೀನುಗಳು ಆಡಿನ ಬಿಳಿ ರಕ್ತಕಣಗಳಿಗೆ ಅಂಟಿ, ಅವು ಸಂಖ್ಯೆಯಲ್ಲಿ ಹೆಚ್ಚದಂತೆ ತಡೆಯುವುದೂ ‘ಸಾಕು, ಸುಮ್ಮನಿರಿ’ ಎಂಬ ಸಂದೇಶದ ರಸಗಳನ್ನು ಹೆಚ್ಚಿಸುವುದೂ ಪ್ರಯೋಗಾಲಯದಲ್ಲಿ ಕಂಡಿದೆ.

ಮೂರನೆಯದು ಮಲಗಿಬಿಡುವುದು. ಹೊರಗೆ ಬೇಸಿಗೆ, ಹುಲ್ಲಿಲ್ಲ. ಮೊಟ್ಟೆ ಇಟ್ಟರೂ ಒಣಗಿ ಸಾಯುತ್ತದೆ. ಆಗ ಮರಿಹುಳು ಹೊಟ್ಟೆಯ ಗೋಡೆಯೊಳಗೆ ಬೆಳವಣಿಗೆ ನಿಲ್ಲಿಸಿ ತಿಂಗಳುಗಟ್ಟಲೆ ಸುಮ್ಮನೆ ಇರುತ್ತದೆ. ರಕ್ತ ಹೀರುವುದಿಲ್ಲ, ರಸ ಸುರಿಸುವುದೂ ಕಡಿಮೆ, ಮೈಗೆ ಸುಳಿವು ಸಿಗುವುದಿಲ್ಲ. ಹಿಕ್ಕೆ ಪರೀಕ್ಷೆಯಲ್ಲೂ ಮೊಟ್ಟೆ ಕಾಣುವುದಿಲ್ಲ. ಮುಂಗಾರಿನ ಹೊತ್ತಿಗೆ ಎಲ್ಲವೂ ಒಟ್ಟಿಗೆ ಎದ್ದರೆ, ಹೊಸ ಹುಲ್ಲು ಮೇಯುವ ಮೊದಲೇ ಕುರಿ ಬಿಳಿಚಿಕೊಳ್ಳುತ್ತದೆ.

ಲಸಿಕೆ ಇಲ್ಲವೇ ಎಂದರೆ, ಇದೆ. ಸ್ಕಾಟ್ಲೆಂಡಿನ ಮೊರೆಡನ್ ಸಂಶೋಧನಾ ಸಂಸ್ಥೆಯವರು ಆಸ್ಟ್ರೇಲಿಯಾದವರ ಜೊತೆ ಸೇರಿ ಮಾಡಿದ ಬಾರ್ಬರ್‌ವ್ಯಾಕ್ಸ್ ಎಂಬ ಲಸಿಕೆ 2014ರಲ್ಲಿ ಆಸ್ಟ್ರೇಲಿಯಾದ ಮಾರುಕಟ್ಟೆಗೆ ಬಂತು. ಅದರ ಉಪಾಯ ಚೆನ್ನಾಗಿದೆ. ಹುಳುವಿನ ಹೊರಮೈ ಬದಲಾಗುತ್ತದೆ, ರಸ ಮೋಸ ಮಾಡುತ್ತದೆ. ಸರಿ, ಹುಳುವಿನ ಕರುಳಿನ ಒಳಗೋಡೆಯ ಪ್ರೋಟೀನನ್ನೇ ಕುರಿಗೆ ಚುಚ್ಚಿದರೆ? ಆ ಪ್ರೋಟೀನನ್ನು ಕುರಿಯ ಮೈ ಸಾಮಾನ್ಯವಾಗಿ ನೋಡುವುದೇ ಇಲ್ಲ, ಆದ್ದರಿಂದ ಅದನ್ನು ಮರೆಮಾಚುವ ಅಗತ್ಯವೂ ಹುಳುವಿಗೆ ಬಂದಿಲ್ಲ. ಚುಚ್ಚಿದ ಮೇಲೆ ಕುರಿಯ ರಕ್ತದಲ್ಲಿ ಪ್ರತಿಕಾಯ ತುಂಬುತ್ತದೆ, ಹುಳು ರಕ್ತದ ಜೊತೆ ಅದನ್ನೂ ಕುಡಿದು ಜೀರ್ಣಶಕ್ತಿ ಕಳೆದುಕೊಳ್ಳುತ್ತದೆ. ತೊಂದರೆಯೂ ಅಲ್ಲೇ ಇದೆ. ಹೊಟ್ಟೆಯಲ್ಲಿ ಹುಳು ಇದ್ದರೂ ಅದು ಈ ಪ್ರೋಟೀನನ್ನು ಮೈಗೆ ನೆನಪಿಸುವುದಿಲ್ಲ, ಹಾಗಾಗಿ ಮೊದಲ ಚುಚ್ಚುಮದ್ದುಗಳು ಮುಗಿದ ಮೇಲೂ ಸುಮಾರು ಆರು ವಾರಕ್ಕೊಮ್ಮೆ ಮತ್ತೆ ಹಾಕುತ್ತಲೇ ಇರಬೇಕು. ತಯಾರಿಸುವುದೂ ಸುಲಭವಲ್ಲ: ಕುರಿಗಳ ಹೊಟ್ಟೆಯಲ್ಲೇ ಹುಳು ಬೆಳೆಸಿ, ಕಟಾವಿನ ನಂತರ ಹುಳುಗಳನ್ನು ತೆಗೆದು ಪ್ರೋಟೀನು ಬೇರ್ಪಡಿಸಬೇಕು. ನಮ್ಮಲ್ಲಿ ಮಾರಾಟದಲ್ಲಿಲ್ಲ. ಅದನ್ನು ಕಾಯುತ್ತ ಕೂರುವುದು ಬೇಡ.

ಹಾಗೆಂದು ಕುರಿಯ ಮೈ ಏನೂ ಮಾಡುವುದಿಲ್ಲ ಎಂದು ತಿಳಿಯಬೇಡಿ. 1929ರಲ್ಲೇ ಸ್ಟಾಲ್ ಎಂಬ ಅಮೆರಿಕದ ವಿಜ್ಞಾನಿ ಗಮನಿಸಿದ ಸಂಗತಿಯೊಂದಿದೆ: ಒಮ್ಮೆಲೇ ಬಹಳ ಹೊಸ ಮರಿಹುಳುಗಳು ಒಳಗೆ ಹೋದಾಗ ಕುರಿಯ ಹೊಟ್ಟೆ ಕೆರಳಿ, ಹಳೆಯ ದೊಡ್ಡ ಹುಳುಗಳೂ ಹೊರಗೆ ಬಿದ್ದುಬಿಡುತ್ತವೆ. ನಂಬಿ ಕೂರುವಂಥದ್ದಲ್ಲ, ಯಾವಾಗ ಆಗುತ್ತದೆ ಯಾವಾಗ ಇಲ್ಲ ಎಂದು ಹೇಳಲಾಗುವುದಿಲ್ಲ. ಆದರೆ ಚೆನ್ನಾಗಿ ಮೇಯ್ದ, ಗಟ್ಟಿಯಾದ ವಯಸ್ಕ ಕುರಿ ದಿನವೂ ಸದ್ದಿಲ್ಲದೆ ಮಾಡುವ ಕೆಲಸ ಬೇರೆಯೇ ಇದೆ. ಹೊಸ ಮರಿಹುಳು ನೆಲೆ ನಿಲ್ಲದಂತೆ ಲೋಳೆ ಸುರಿಸುತ್ತದೆ, ನೆಲೆ ನಿಂತವು ಗಿಡ್ಡವಾಗುವಂತೆ, ಮೊಟ್ಟೆ ಕಡಿಮೆ ಇಡುವಂತೆ ಮಾಡುತ್ತದೆ. ಸೊನ್ನೆ ಮಾಡಲು ಅದಕ್ಕೆ ಬರುವುದಿಲ್ಲ, ಅಂಕೆಯಲ್ಲಿಡಲು ಬರುತ್ತದೆ. ನಾವು ಕಾಪಾಡಬೇಕಾದದ್ದು ಈ ಅಂಕೆಯನ್ನು.

ಆ ಅಂಕೆ ತಪ್ಪುವ ಸಮಯಗಳು ಗೊತ್ತೇ ಇವೆ. ಆರು ತಿಂಗಳ ಒಳಗಿನ ಮರಿಗಳಿಗೆ ಇನ್ನೂ ಆ ಶಕ್ತಿ ಬಂದಿರುವುದಿಲ್ಲ. ಮರಿ ಹಾಕುವ ಎರಡು ವಾರ ಮೊದಲಿನಿಂದ ಹಾಲುಣಿಸುವ ಎರಡು ತಿಂಗಳವರೆಗೆ ತಾಯಿ ಕುರಿಯಲ್ಲಿ ಅದು ಸಡಿಲವಾಗುತ್ತದೆ. ಸಿಕ್ಕ ಪ್ರೋಟೀನೆಲ್ಲ ಕೆಚ್ಚಲಿಗೆ ಹೋಗುವಾಗ ರಕ್ಷಣೆಗೆ ಉಳಿಯುವುದಿಲ್ಲ. ತಾಯಿಯ ಹಿಕ್ಕೆಯಲ್ಲಿ ಮೊಟ್ಟೆ ಏರುವುದೂ, ಏನೂ ಅರಿಯದ ಮರಿಗಳು ಅದೇ ಜಾಗದಲ್ಲಿ ಹುಲ್ಲು ಕಡಿಯಲು ಶುರು ಮಾಡುವುದೂ ಒಂದೇ ಹೊತ್ತಿಗೆ. ಇದಕ್ಕಿಂತ ಒಳ್ಳೆಯ ಅವಕಾಶ ಹುಳುವಿಗೆ ಬೇಕಿಲ್ಲ. ಆಡು ಸಾಕುವವರೂ ಇಲ್ಲಿ ಇದ್ದಾರೆ, ಅವರಿಗೆ ಒಂದು ಮಾತು: ಆಡು ಮೂಲತಃ ಗಿಡದ ಸೊಪ್ಪು ತಿನ್ನುವ ಪ್ರಾಣಿ, ನೆಲದ ಹುಳುವಿನ ಪರಿಚಯ ಅದಕ್ಕೆ ಕಡಿಮೆ. ದೊಡ್ಡದಾದ ಮೇಲೂ ಕುರಿಯಷ್ಟು ತಡೆಯುವುದಿಲ್ಲ. ನೆಲ ಮೇಯಿಸಿದರೆ ಕಷ್ಟ ಖಚಿತ.

ಹಾಗಾದರೆ ಏನು ಮಾಡಬೇಕು? ಔಷಧಕ್ಕಿಂತ ಮೊದಲು ಹಿಂಡಿ ಎನ್ನುತ್ತೇನೆ. ಗಬ್ಬದ ಕುರಿಗಳನ್ನು ಕೊನೆಯ ತಿಂಗಳಿನಿಂದಲೇ ಬೇರೆ ಮಾಡಿ ಕಡಲೆಕಾಯಿ ಹಿಂಡಿಯನ್ನೋ ಬೇಯಿಸಿದ ಹುರುಳಿಯನ್ನೋ ಕೊಡಿ, ತೊಗರಿ ಹೊಟ್ಟು, ಅಗಸೆ ಸೊಪ್ಪು ಸಿಕ್ಕರೆ ಇನ್ನೂ ಒಳ್ಳೆಯದು. ಟಾನಿಕ್‌ಗೆ ಸುರಿಯುವ ಹಣ ಇಲ್ಲಿಗೆ ಬರಲಿ. ಕಬ್ಬಿಣದ ಟಾನಿಕ್ ಕಳೆದುಹೋದ ರಕ್ತ ತುಂಬಲು ನೆರವಾಗಬಹುದು, ಹುಳುವಿಗೆ ಅದರಿಂದ ಏನೂ ಆಗುವುದಿಲ್ಲ.

ಮೂರು ತಿಂಗಳಿಗೊಮ್ಮೆ ಎಲ್ಲ ಕುರಿಗಳಿಗೂ ಒಂದೇ ದಿನ ಔಷಧ ಕುಡಿಸುವ ಪದ್ಧತಿಯನ್ನು ಬಿಡಿ. ಹಿಂಡಿನಲ್ಲಿ ಹೆಚ್ಚಿನ ಹುಳು ಇರುವುದು ಕೆಲವೇ ಕುರಿಗಳಲ್ಲಿ. ಎಲ್ಲಕ್ಕೂ ಕುಡಿಸಿದಾಗ ಔಷಧಕ್ಕೆ ಸಾಯದ ಹುಳುಗಳು ಮಾತ್ರ ಉಳಿದು ಮೊಟ್ಟೆ ಇಡುತ್ತವೆ, ಅವುಗಳ ಜೊತೆ ಬೆರೆಯಲು ಬೇರೆ ಹುಳು ಇರುವುದಿಲ್ಲ. ಥಯಾಬೆಂಡಜೋಲ್ ಎಂಬ ಜಂತು ಔಷಧ 1961ರಲ್ಲಿ ಬಂತು, ಮೂರೇ ವರ್ಷದಲ್ಲಿ ಅದಕ್ಕೆ ಬಗ್ಗದ ಹೀಮಾಂಕಸ್ ವರದಿಯಾಯಿತು. ಇಂದು ನಾವು ಕುಡಿಸುವ ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಅದೇ ಗುಂಪಿನವು; ಕಂಪನಿ ಬದಲಿಸಿದರೆ ಡಬ್ಬಿ ಬದಲಾಗುತ್ತದೆ, ಔಷಧವಲ್ಲ. ಹಾಗಾಗಿ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಪ್ರತಿ ಕುರಿಯ ಕೆಳರೆಪ್ಪೆ ಇಳಿಸಿ ನೋಡಿ. ದಕ್ಷಿಣ ಆಫ್ರಿಕಾದವರು ಇದಕ್ಕೆಂದೇ ಫಮಾಚಾ ಎಂಬ ಐದು ಬಣ್ಣದ ಪಟ್ಟಿ ಮಾಡಿದ್ದಾರೆ. ಕೆಂಪಗಿದ್ದರೆ ಬಿಡಿ, ಬಿಳಿಚಿದ್ದರೆ ಕುಡಿಸಿ, ನಡುವೆ ಇದ್ದರೆ ಮರಿಗಳಿಗೂ ಹಾಲುಣಿಸುವ ತಾಯಿಗೂ ಕುಡಿಸಿ. ಉಣುಗು, ಹೇನು, ಯಕೃತ್ತಿನ ಹುಳುಗಳಿಂದಲೂ ರೆಪ್ಪೆ ಬಿಳಿಚಬಹುದು, ಕೆರೆಯಂಚಿನಲ್ಲಿ ಮೇಯಿಸುವವರು ಇದನ್ನು ಮರೆಯಬಾರದು.

ನಿಮ್ಮ ಔಷಧ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಒಂದೇ ದಾರಿ. ಹತ್ತು ಕುರಿಗಳಿಗೆ ಗುರುತು ಹಾಕಿ, ಕುಡಿಸುವ ಮೊದಲು ತಾಜಾ ಹಿಕ್ಕೆ ತೆಗೆದುಕೊಂಡು ಹೋಗಿ ಪಶು ಆಸ್ಪತ್ರೆಯಲ್ಲಿ ಮೊಟ್ಟೆ ಎಣಿಸಲು ಕೇಳಿ. ಅಲ್ಲಿ ಆಗದಿದ್ದರೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯನ್ನೋ ಹತ್ತಿರದ ಪಶುವೈದ್ಯಕೀಯ ಕಾಲೇಜನ್ನೋ ವಿಚಾರಿಸಿ. ಕುಡಿಸಿದ 10ರಿಂದ 14 ದಿನಗಳ ಒಳಗೆ ಅದೇ ಕುರಿಗಳ ಹಿಕ್ಕೆ ಮತ್ತೆ ಕೊಡಿ. ಮೊಟ್ಟೆ ಶೇ 95ರಷ್ಟು ಇಳಿದಿಲ್ಲವಾದರೆ ಆ ಗುಂಪಿನ ಔಷಧ ನಿಮ್ಮ ದೊಡ್ಡಿಯಲ್ಲಿ ಸೋಲುತ್ತಿದೆ ಎಂದರ್ಥ. ತೂಕವನ್ನು ಕಣ್ಣಂದಾಜಿನಲ್ಲಿ ಕಡಿಮೆ ಹಿಡಿದು ಕುಡಿಸಿದ್ದರೂ ಹೀಗೆ ಆಗುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ಬದಲಿ ಯಾವುದು ಎಂಬುದನ್ನು ವೈದ್ಯರೇ ಹೇಳಲಿ. ಕ್ಲೋಸಾಂಟೆಲ್ ರಕ್ತ ಹೀರುವ ಹುಳುವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಪ್ರಮಾಣ ಮೀರಿದರೆ ಕುರಿ ಕುರುಡಾಗಬಹುದು. ಆಲ್ಬೆಂಡಜೋಲ್ ಗಬ್ಬದ ಮೊದಲ ತಿಂಗಳಲ್ಲಿ ಬೇಡ. ಹಿಂದಿನವರ ಮೈಲುತುತ್ತದ ನೀರಿಗೆ ಈಗ ಯಾರೂ ಹೋಗಬೇಡಿ, ಕುರಿಗೆ ತಾಮ್ರ ಬೇಗ ವಿಷವಾಗುತ್ತದೆ. ಬೇವಿನ ಸೊಪ್ಪು ಮೇವಾಗಿ ಹಾಕಿ, ಬೇಡವೆನ್ನುವುದಿಲ್ಲ. ಗದ್ದ ಬಾತ ಕುರಿಯನ್ನು ಅದರ ಭರವಸೆಯಲ್ಲಿ ಬಿಡಬೇಡಿ.

ಮೇಯಿಸುವುದು ಇಬ್ಬನಿ ಆರಿದ ಮೇಲೆ. ಒದ್ದೆ ಹುಲ್ಲಿನಲ್ಲಿ ಮರಿಹುಳು ಮೇಲೆ ಹತ್ತುತ್ತದೆ, ಅದೂ ನೆಲದಿಂದ ನಾಲ್ಕೈದು ಸೆಂಟಿಮೀಟರ್ ಒಳಗೇ ಹೆಚ್ಚು. ಹಾಗಾಗಿ ಹುಲ್ಲು ಬೋಳಾಗುವವರೆಗೆ ಒಂದೇ ಕಡೆ ನಿಲ್ಲಿಸಬೇಡಿ. ರಾಗಿ ಕೊಯ್ದ ಹೊಲದ ಕೂಳೆ ಮರಿಗಳಿಗೆ ಮೀಸಲಿಡಿ, ಅಲ್ಲಿ ತಿಂಗಳುಗಳಿಂದ ಕುರಿ ಹಿಕ್ಕೆ ಬಿದ್ದಿರುವುದಿಲ್ಲ.

ಕೊನೆಯದಾಗಿ ಟಗರಿನ ಆಯ್ಕೆ. ಹುಳು ತಡೆಯುವ ಗುಣ ವಂಶದಲ್ಲಿ ಇಳಿದು ಬರುತ್ತದೆ. ಮಹಾರಾಷ್ಟ್ರದ ಫಲ್ಟಣದಲ್ಲಿ ನಮ್ಮ ಬನ್ನೂರು ಮತ್ತು ಡೆಕ್ಕನಿ ಕುರಿಗಳಿಗೆ ಬಂಗಾಳದ ಗರೋಲ್ ತಳಿ ಬೆರೆಸಿ ನೋಡಿದ್ದಾರೆ. ಸುಂದರಬನದ ಜೌಗಿನಲ್ಲಿ ಬದುಕಿದ ಆ ಸಣ್ಣ ಕುರಿಗೆ ಹುಳು ತಡೆಯುವ ಶಕ್ತಿ ಹೆಚ್ಚು. ಮೈ ಚಿಕ್ಕದಾಗುತ್ತದೆ ಎಂಬುದೂ ನಿಜ, ಸಂತೆಯಲ್ಲಿ ತೂಕ ಕೇಳುವವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ನಿಮ್ಮ ಹಿಂಡಿನೊಳಗೇ ಆರಿಸಬಹುದು: ರೆಪ್ಪೆ ನೋಡಿದಾಗಲೆಲ್ಲ ಬಿಳಿಚಿಕೊಂಡು ಮತ್ತೆ ಮತ್ತೆ ಔಷಧ ಕೇಳುವ ಕುರಿಯನ್ನು ಮಾರಿಬಿಡಿ, ಅದರ ಮಗನನ್ನು ಬೀಜದ ಟಗರಾಗಿ ಉಳಿಸಬೇಡಿ.

ಈಗ ಗದ್ದ ಬಾತಿರುವ ನಾಲ್ಕನ್ನು ನಾಳೆಯೇ ವೈದ್ಯರಿಗೆ ತೋರಿಸಿ, ದೂರ ಓಡಿಸಬೇಡಿ, ನೆರಳಿನಲ್ಲೇ ಮೇವು ನೀರು ಕೊಡಿ. ಎರಡು ಬಾರಿ ಕುಡಿಸಿದ ಔಷಧಗಳ ಹೆಸರು, ತಾರೀಕು, ಅಂದಾಜು ತೂಕ ಇಲ್ಲಿ ಬರೆಯಿರಿ. ಎರಡೂ ಒಂದೇ ಗುಂಪಿನವೇ ಎಂದು ಮೊದಲು ನೋಡೋಣ.