ಉಂಡ ಮನೆಯ ಜಂತೆ

ಮಂಡ್ಯ ಜಿಲ್ಲೆಯಿಂದ ಒಬ್ಬ ಓದುಗರು ಬರೆದಿದ್ದಾರೆ (ಹೆಸರು ಹಾಕಬೇಡಿ ಎಂದಿದ್ದಾರೆ):

"ಮಾನ್ಯ ಸಂಪಾದಕರೇ, ನಮ್ಮ ತಂದೆ ಫಿರಂಗಿ ದಳದಲ್ಲಿ 24 ವರ್ಷ ಇದ್ದು 2021ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದರು. ಕಾರ್ಗಿಲ್‌ನಲ್ಲೂ ಇದ್ದರು. ಈಗ ಎರಡೂ ಕಿವಿ ಮಂದ. ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ತಲೆ ಆಡಿಸುತ್ತಾರೆ, ಅಷ್ಟೇ. ಸೇವೆ ಬಿಡುವಾಗ ತಪಾಸಣೆ ಮಾಡುವ ರಿಲೀಸ್ ಮೆಡಿಕಲ್ ಬೋರ್ಡಿನವರು ಶೇ. 20 ಊನ ಇದೆ ಎಂದು ಬರೆದು, ಅದು ಪೀಸ್ ಸ್ಟೇಷನ್ನಿನಲ್ಲಿ (ಕಾಳಗದ ಜಾಗವಲ್ಲದ ಶಾಂತಿ ನೆಲೆಯಲ್ಲಿ) ಶುರುವಾದದ್ದು, ಸರ್ವೀಸಿಗೂ ಅದಕ್ಕೂ ಸಂಬಂಧವಿಲ್ಲ ಎಂದೂ ಬರೆದಿದ್ದಾರೆ. ಹಾಗಾಗಿ ಊನದ ಪಿಂಚಣಿ ಸಿಗಲಿಲ್ಲ. ಮೊದಲನೇ ಅಪೀಲು ಹೋದ ತಿಂಗಳು ವಜಾ ಆಯಿತು. ಎರಡನೇ ಅಪೀಲು ಹಾಕುವುದೋ, ನೇರ ಟ್ರಿಬ್ಯೂನಲ್ಲಿಗೆ ಹೋಗುವುದೋ? ಊರಿನವರೊಬ್ಬರು ಯುದ್ಧಗಾಯದ ಪಿಂಚಣಿಗೇ ಹಾಕಿ ಎನ್ನುತ್ತಾರೆ. ಅಪ್ಪ ಮಾತ್ರ 'ಉಂಡ ಮನೆಯ ಜಂತೆ ಎಣಿಸೋದು ಬೇಡ ಕಣಮ್ಮ, ಬಿಟ್ಟಾಕು' ಅಂತಾರೆ. ಏನು ಮಾಡಲಿ?"

ಸಂಪಾದಕರ ಉತ್ತರ:

ತಂಗೀ, ನಿಮ್ಮ ಪತ್ರದ ಪ್ರಶ್ನೆಗೆ ಅರ್ಧ ಪುಟದಲ್ಲಿ ಉತ್ತರ ಕೊಡಬಹುದಿತ್ತು. ಆದರೆ ನಿಮ್ಮ ತಂದೆಯವರ ಆ ಗಾದೆ ನನ್ನನ್ನು ಎರಡು ದಿನ ಬಿಡಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂದದ್ದು ನೆಂಟರಿಗೆ. ಹವಾಲ್ದಾರರು ಆ ಮನೆಗೆ ನೆಂಟರಾಗಿ ಹೋದವರಲ್ಲ. ಅವರೇ ಜಂತೆ ಹೊತ್ತವರು. ಹೊತ್ತ ಹೆಗಲು ಜರುಗಿದರೆ ಏನು ಕೊಡುತ್ತೇವೆ ಎಂದು ಆ ಮನೆಯೇ ಬರೆದುಕೊಟ್ಟಿದೆ. ಬರೆದದ್ದನ್ನು ಓದಿ ಹೇಳಿ ಅಂತ ಕೇಳಿದರೆ ಅದು ದ್ರೋಹ ಹೇಗಾಗುತ್ತದೆ?

ಸೇನೆಯ ಕಡತದಲ್ಲಿ ನಿಮ್ಮ ತಂದೆಯವರಂಥ ಪ್ರಕರಣಕ್ಕೆ ಒಂದು ಕಿರುಹೆಸರಿದೆ: 'ನಾನಾ'. ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಿದ್ದೂ ಅಲ್ಲ ಎಂಬ ಇಂಗ್ಲಿಷ್ ಒಕ್ಕಣೆಯ ಮೊದಲಕ್ಷರಗಳು. ನಮಗೆ ನಾನಾ ಎಂದರೆ ಹಲವು. ಅಲ್ಲಿ ನಾನಾ ಎಂದರೆ ಒಂದೂ ಅಲ್ಲ. ಬೋರ್ಡಿನ ನಮೂನೆಯಲ್ಲಿ ಬೆರಳಗಲದ ಒಂದು ಅಂಕಣ. ಕಾರಣ ಬರೆಯಬೇಕಾದ ಜಾಗ ಅದು. ಅಲ್ಲಿ ವೈದ್ಯರು ಒಂದೇ ಸಾಲು ಗೀಚಿರುತ್ತಾರೆ. 24 ವರ್ಷದ ಫಿರಂಗಿ ಸದ್ದು ಆ ಸಾಲಿನೊಳಗೆ ಹೋಗಿ ಕೂತುಬಿಡುತ್ತದೆ. ಕಾರ್ಗಿಲ್ ಕದನದಲ್ಲಿ ನಮ್ಮ ಫಿರಂಗಿ ದಳ ಹಾರಿಸಿದ ಶೆಲ್, ಬಾಂಬ್, ರಾಕೆಟ್‌ಗಳ ಲೆಕ್ಕ ಎರಡೂವರೆ ಲಕ್ಷಕ್ಕೂ ಮೇಲೆ. 155 ಮಿಲಿಮೀಟರ್ ಬೋಫೋರ್ಸ್ ತೋಪಿನ ಪಕ್ಕ ನಿಂತ ಹುಡುಗನ ಕಿವಿ, ಹದಿನೈದು ವರ್ಷ ಬಿಟ್ಟು ಶಾಂತಿಯ ಊರಿನಲ್ಲಿ ಪರೀಕ್ಷೆಗೆ ಒಳಪಟ್ಟಿತು ಅಂದುಕೊಳ್ಳಿ. ಪರೀಕ್ಷೆ ನಡೆದ ಊರನ್ನೇ ಕಾಯಿಲೆಯ ಹುಟ್ಟೂರು ಎಂದು ಬರೆದುಕೊಳ್ಳುವ ಲೆಕ್ಕ ಇದು.

ಇನ್ನೊಂದು ಕಡೆಯವರ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿವೃತ್ತ ಲೆಕ್ಕಾಧಿಕಾರಿಗಳು ಪತ್ರ ಬರೆಯುತ್ತಾರೆ. ಸೇವೆಯ ಕೊನೆಯ ವರ್ಷದಲ್ಲಿ ಬಿಪಿ, ಶುಗರ್ ಬರೆಸಿಕೊಂಡು ಹೋಗುವವರೂ ಇದ್ದಾರೆ; ಖಜಾನೆ ಎಲ್ಲರದ್ದು. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ತಂದು ಬಿಗಿ ಮಾಡಿದ್ದಕ್ಕೆ ಆ ಅನುಮಾನವೂ ಒಂದು ಕಾರಣ. ಒಪ್ಪಿದೆ. ಆದರೆ ಆ ನಿಯಮ ಅಂದಿನಿಂದಾಚೆ ಸೇವೆ ಬಿಟ್ಟವರಿಗೆ. ನಿಮ್ಮ ತಂದೆ 2021ರವರು, ಅವರಿಗೆ 2008ರ ನಿಯಮ. ಯಾರಾದರೂ ಹೊಸ ಪುಸ್ತಕ ತೋರಿಸಿ ಹೆದರಿಸಿದರೆ ತಾರೀಖು ತೋರಿಸಿ.

ಹಳೆಯ ನಿಯಮದಲ್ಲಿ ನನಗೆ ಇಷ್ಟವಾದ ಮಾತೊಂದಿದೆ. ಸಾಮಾನ್ಯವಾಗಿ ಅರ್ಜಿದಾರನನ್ನು ನೀನೇ ಸಾಬೀತು ಮಾಡು ಎಂದು ಕೇಳತಕ್ಕದ್ದಲ್ಲ ಎನ್ನುತ್ತದೆ ಅದು. (ನಿವೃತ್ತಿಯಾಗಿ 15 ವರ್ಷ ಕಳೆದ ಮೇಲೆ ಕೇಳಿದರೆ ಹೊರೆ ತಿರುಗಿಬೀಳುತ್ತದೆ. ನಿಮಗಿನ್ನೂ ಕಾಲವಿದೆ, ಆದರೆ ಅಪ್ಪನ ಮಾತು ಕೇಳಿ 'ಬಿಟ್ಟಾಕಿದರೆ' ಇರುವುದಿಲ್ಲ.) 2013ರ ಜುಲೈಯಲ್ಲಿ ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಅವರದ್ದು ಮೂರ್ಛೆರೋಗ, ಒಂಬತ್ತು ವರ್ಷ ಚಿಲ್ಲರೆ ಸೇವೆ, ನಿಮ್ಮ ತಂದೆಯವರ ಹಾಗೆಯೇ ಶೇ. 20. ಸೇರುವಾಗಿನ ತಪಾಸಣೆಯಲ್ಲಿ ರೋಗದ ಟಿಪ್ಪಣಿ ಇಲ್ಲದಿದ್ದರೆ ಆಮೇಲೆ ಬಂದದ್ದನ್ನು ಸೇವೆಯಿಂದ ಬಂದದ್ದೆಂದೇ ಎಣಿಸಬೇಕು. ಅಲ್ಲ ಎನ್ನುವುದಾದರೆ ಬೋರ್ಡು ಕಾರಣ ಕೊಡಬೇಕು. ಸೇರಿಸಿಕೊಳ್ಳುವಾಗ ಹುಡುಗನ ಹಲ್ಲು, ಪಾದ, ಕಿವಿ, ಎದೆಯಗಲ ಎಲ್ಲ ನೋಡಿ ಗಟ್ಟಿಮುಟ್ಟು ಎಂದು ಮೊಹರು ಹೊಡೆದವರೇ, ಮನೆಗೆ ಕಳಿಸುವಾಗ 'ಇದು ನಿನ್ನ ಮನೆಯಿಂದಲೇ ತಂದದ್ದು' ಎಂದರೆ ಹೇಗೆ?

ಈಗ ದಾರಿಯ ವಿಷಯ. ಯುದ್ಧಗಾಯದ ಆಸೆ ಹುಟ್ಟಿಸಿದ ಆ ಊರಿನವರಿಗೆ ಕಾಫಿ ಕೊಟ್ಟು ಕಳಿಸಿ. ಅದರ ದರ ಇಮ್ಮಡಿ ಎಂಬುದು ನಿಜ: ಪೂರ್ತಿ ಊನಕ್ಕೆ ಕೊನೆಯ ವೇತನದ ಶೇ. 60, ಮಾಮೂಲಿನದ್ದಕ್ಕೆ ಶೇ. 30. ಆದರೆ ಗಾಯ ಆದ ದಿನದ ಕಾಗದ ಬೇಕು, ನಿಧಾನವಾಗಿ ಕಿವುಡಾದದ್ದಕ್ಕೆ ಅದನ್ನು ಎಲ್ಲಿಂದ ತರುತ್ತೀರಿ? ಗಟ್ಟಿ ಅರ್ಜಿಯೊಳಗೆ ಒಂದು ಪೊಳ್ಳು ಬೇಡಿಕೆ ಸೇರಿಸಿದರೆ ಓದುವವರ ಕಣ್ಣು ಪೊಳ್ಳಿನ ಮೇಲೇ ನಿಲ್ಲುತ್ತದೆ.

ಎರಡನೇ ಅಪೀಲು ಹಾಕಿ. ಗೆಲ್ಲುತ್ತೀರಿ ಎಂದಲ್ಲ, ಟ್ರಿಬ್ಯೂನಲ್ಲಿನ ಬಾಗಿಲು ಅದರ ಆಚೆ ಇದೆ ಎಂದು. ಇಲಾಖೆಯೊಳಗಿನ ಮೆಟ್ಟಿಲು ಹತ್ತಿ ಮುಗಿಸದವರ ಅರ್ಜಿಯನ್ನು ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, 2007ರ ಕಾಯ್ದೆಯಲ್ಲೇ ಹಾಗಿದೆ. ಆದರೆ ಅದೇ ಕಾಯ್ದೆ ಇನ್ನೊಂದು ಮಾತೂ ಹೇಳುತ್ತದೆ: ಅಪೀಲು ಕೊಟ್ಟು ಆರು ತಿಂಗಳು ಕಳೆದರೂ ಉತ್ತರ ಬರದಿದ್ದರೆ ಮೆಟ್ಟಿಲು ಮುಗಿದಂತೆಯೇ ಲೆಕ್ಕ. ಹಾಗಾಗಿ ವಜಾ ಪತ್ರ ಕೈಗೆ ಬಂದ ಆರು ತಿಂಗಳೊಳಗೆ ಎರಡನೆಯದು ಹೋಗಲಿ, ಸ್ಪೀಡ್ ಪೋಸ್ಟಿನಲ್ಲೇ ಹೋಗಲಿ, ರಸೀತಿಯನ್ನು ದೇವರ ಪಟದ ಹಿಂದೆ ಇಡಿ. ವಜಾ ಆದರೆ ಆಗಲೇ, ಉತ್ತರ ಬರದಿದ್ದರೆ ಆರು ತಿಂಗಳು ತುಂಬಿದ ಮೇಲೆ, ನಮ್ಮ ರಾಜ್ಯಕ್ಕೆ ನಿಗದಿಯಾದ ಕೊಚ್ಚಿ ಪೀಠ. ಅಲ್ಲಿ ಒಬ್ಬ ನ್ಯಾಯಾಧೀಶರ ಜೊತೆ ಸೇನೆಯಿಂದಲೇ ಬಂದ ಒಬ್ಬ ಸದಸ್ಯರು ಕೂತಿರುತ್ತಾರೆ. ತೋಪು ಎಂದರೇನು ಎಂದು ವಿವರಿಸುವ ಕಷ್ಟ ಇಲ್ಲ.

ಈ ಆರು ತಿಂಗಳು ಸುಮ್ಮನೆ ಕೂರಬೇಡಿ. ಮಾಹಿತಿ ಹಕ್ಕಿನಲ್ಲಿ ಸೇನೆಯ ರೆಕಾರ್ಡ್ ಆಫೀಸಿಗೆ ಬರೆದು ಮೂರು ಕಾಗದ ತರಿಸಿ: ಸೇರುವಾಗಿನ ವೈದ್ಯಕೀಯ ತಪಾಸಣೆ, ರಿಲೀಸ್ ಬೋರ್ಡಿನ ಪೂರ್ತಿ ನಡಾವಳಿ, ಎಲ್ಲೆಲ್ಲಿ ಎಷ್ಟು ಕಾಲ ಪೋಸ್ಟಿಂಗ್ ಎಂಬ ಪಟ್ಟಿ. ಕಾಗದ ಬರೆಯಲು ತಿಳಿಯದಿದ್ದರೆ ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ತಂದೆಯವರನ್ನೇ ಕರೆದುಕೊಂಡು ಹೋಗಿ. ಬೋರ್ಡು ಹಾಕಿದ ಶೇ. 20 ಕಮ್ಮಿಯಾಯಿತು ಅನ್ನಿಸಿದರೆ ಮತ್ತೊಂದು ಮೆಡಿಕಲ್ ಬೋರ್ಡ್ ಕೇಳಬಹುದು. ನನ್ನನ್ನು ಕೇಳಿದರೆ ಕೇಳಬೇಡಿ. ಆ 20 ನಿಮ್ಮ ಕೈಯಲ್ಲಿರುವ ಹಕ್ಕಿ. ಹೊಸ ಬೋರ್ಡು ಅದನ್ನು 15ಕ್ಕೆ ಇಳಿಸಿದರೆ ಅರ್ಹತೆಯ ಗೆರೆಯಿಂದಲೇ ಕೆಳಗೆ ಬೀಳುತ್ತೀರಿ.

ಆ 20ರ ಬೆಲೆ ಏನು ಎನ್ನುವುದು ತಂದೆಯವರಿಗೂ ತಿಳಿಯಲಿ. ಕೊನೆಯ ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಪೂರ್ತಿ ಊನಕ್ಕೆ ತಿಂಗಳಿಗೆ 12,000, ಶೇ. 20ಕ್ಕೆ 2,400. ಆದರೆ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೇ ಎಣಿಸುವ ಪದ್ಧತಿಯೊಂದಿದೆ. ಅದು ಅನಾರೋಗ್ಯದಿಂದ ಬೋರ್ಡ್ ಔಟ್ ಆದವರಿಗೆ, ಅಂದರೆ ಅವಧಿಗೆ ಮುಂಚೆಯೇ ಮನೆಗೆ ಕಳಿಸಲ್ಪಟ್ಟವರಿಗೆ ಮಾತ್ರ ಎಂದು ಸರ್ಕಾರ ವಾದಿಸಿತ್ತು. 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲುತ್ತದೆ ಎಂದಿತು. ಅಂದರೆ 2,400 ಅಲ್ಲ, 6,000, ಮೇಲೆ ತುಟ್ಟಿಭತ್ಯೆ. ಅರ್ಜಿಯಲ್ಲಿ ಇದನ್ನು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಕೊಡುವ ಕೈ ಅದಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ನಾಯಕ್ ಇದ್ದರು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಮಂಚದ ಕೆಳಗೆ ಕಪ್ಪು ತಗಡಿನ ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಒಳಗೆ ನ್ಯಾಫ್ತಲೀನ್ ಗುಳಿಗೆಯ ವಾಸನೆಯಲ್ಲಿ ಮೂವತ್ತು ವರ್ಷದ ಕಾಗದ. ಭಾನುವಾರ ಬೆಳಿಗ್ಗೆ ಒಂದು ಲಕೋಟೆ ಹಿಡಿದು ಬರುತ್ತಿದ್ದರು, ನಾನು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಓದಿ ಮುಗಿಸಿದರೆ "ಇನ್ನೊಂದು ಸಲ ಓದಪ್ಪಾ" ಅನ್ನುತ್ತಿದ್ದರು, ಎರಡನೆಯ ಸಲಕ್ಕೆ ಒಕ್ಕಣೆ ಬದಲಾದೀತು ಎಂಬಂತೆ. ಒಂದು ಕಚೇರಿ ಅವರ ಕಡತವನ್ನೇ ಕಳೆದು, ನಕಲು ಕಳಿಸಿ ಎಂದು ಅವರಿಗೇ ಬರೆಯಿತು. ನಿವೃತ್ತಿಯಾಗಿ 18 ವರ್ಷಕ್ಕೆ, ಟ್ರಿಬ್ಯೂನಲ್ ಶುರುವಾದ ಮೇಲೆ, ಗೆದ್ದರು. ಬಾಕಿ ಸಿಕ್ಕಿದ್ದು ಮೂರು ವರ್ಷದ್ದು. ತಡವಾಗಿ ಬಂದವರಿಗೆ ಅರ್ಜಿಯಿಂದ ಹಿಂದಿನ ಮೂರು ವರ್ಷಕ್ಕಷ್ಟೇ ಬಾಕಿ ಎಂದು ಸುಪ್ರೀಂ ಕೋರ್ಟಿನ 2008ರ ತರ್ಸೆಮ್ ಸಿಂಗ್ ತೀರ್ಪು. ಆ ಸಾಲನ್ನು ಮಾತ್ರ ಅವರು ಎರಡನೆಯ ಸಲ ಓದಿಸಲಿಲ್ಲ. "ಅಂದ್ರೆ ಮಿಕ್ಕ ಹದಿನೈದು ವರ್ಷ ನನ್ನ ಕೈ ಸರಿಯಾಗಿತ್ತಾ?" ಎಂದರು. ಹವಾಲ್ದಾರರೇ, ಮಗಳು ಇದನ್ನು ಓದಿ ಹೇಳುತ್ತಿದ್ದರೆ, ನಿಮ್ಮ ಸಂಕೋಚಕ್ಕೆ ತಿಂಗಳ ಲೆಕ್ಕದಲ್ಲಿ ಬಾಡಿಗೆ ಬೀಳುತ್ತಿದೆ.

ನೀವು ಮಂಡ್ಯದವರು ಅಂದಿರಿ, ಹಾಗಾಗಿ ಇದನ್ನು ಹೇಳದೆ ಬಿಡಲಾರೆ. ನಿಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕ್ರಿ.ಶ. 950ರ ಸುಮಾರಿನದು. ತಕ್ಕೋಲದಲ್ಲಿ ಚೋಳರ ಮೇಲೆ ಕಾದಿದ ಮಣಲೆರನಿಗೆ ಗಂಗರ ಬೂತುಗ ಊರುಗಳನ್ನು 'ಬಾಳ್ಗಚ್ಚು' ಕೊಟ್ಟ. ಕತ್ತಿ ತೊಳೆದದ್ದಕ್ಕೆ ಕೊಟ್ಟ ಭೂಮಿ ಎಂದು ಅರ್ಥ. ಮೆಚ್ಚಿದ ಅರಸನಿಂದ ಮಣಲೆರ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಗೂ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಟ್ಟರು, ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದೂ ಕೆತ್ತಿಸಿದರು. ಹಂದಿಯ ಗಾಯ ಫೀಲ್ಡಿನಲ್ಲಿ ಆದದ್ದೋ ಪೀಸಿನಲ್ಲೋ ಎಂದು ಯಾರೂ ಕೇಳಲಿಲ್ಲ. ರಣದಲ್ಲಿ ಬಿದ್ದವನ ಮನೆಗೆ ಕೊಡುತ್ತಿದ್ದುದಕ್ಕೆ 'ನೆತ್ತರುಗೊಡಗೆ' ಎಂಬ ಶಬ್ದವನ್ನೇ ಇಟ್ಟುಕೊಂಡಿದ್ದ ಭಾಷೆ ನಮ್ಮದು. ಈಗ ಆಗಸ್ಟ್ 15ಕ್ಕೆ ವೇದಿಕೆಗೆ ಕರೆದು ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಕೊಡುತ್ತೇವೆ. ಹಿಂದಿನ ಸಾಲಿನಲ್ಲಿ ಕೂತ ಮಾಜಿ ಸೈನಿಕನಿಗೆ ಭಾಷಣ ಕೇಳಿಸುತ್ತಿಲ್ಲ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಸಿಟ್ಟು ಬರುವುದು ಸೋತಾಗಲ್ಲ, ಗೆದ್ದ ಮೇಲೆ. ಟ್ರಿಬ್ಯೂನಲ್ಲಿನಲ್ಲಿ ಗೆದ್ದ ಸಿಪಾಯಿಯ ಬೆನ್ನು ಹತ್ತಿ ಸರ್ಕಾರ ಮೇಲಿನ ಕೋರ್ಟಿಗೆ ಹೋಗುತ್ತದೆ. ಇಂಥ ವ್ಯಾಜ್ಯ ತಗ್ಗಿಸಲೆಂದು 2015ರಲ್ಲಿ ರಕ್ಷಣಾ ಸಚಿವರಾಗಿದ್ದ ಮನೋಹರ ಪರಿಕ್ಕರ್ ತಜ್ಞರ ಸಮಿತಿಯನ್ನೇ ಮಾಡಿದರು, ಅದು ವರದಿಯನ್ನೂ ಕೊಟ್ಟಿತು. ಸುಪ್ರೀಂ ಕೋರ್ಟಿನ 2023ರ ಮಾರ್ಚ್ ತೀರ್ಪಿನ ಮೇಲೆ ಹೈಕೋರ್ಟಿನ ಬಾಗಿಲೂ ಇಬ್ಬರಿಗೂ ತೆರೆದಿದೆ. ನಿಮಗೂ ಅನುಕೂಲ, ಎದುರಿನವರಿಗೂ ಅನುಕೂಲ. ಆದರೆ ಅವರ ವಕೀಲರ ಫೀಸನ್ನು ಕೊಡುವವರು ನೀವೂ ನಾನೂ. ನಾಯಕ್ ಇದ್ದಿದ್ದರೆ ಇದನ್ನೂ ಎರಡು ಸಲ ಓದಿಸುತ್ತಿದ್ದರು.

ವಜಾ ಪತ್ರದ ತಾರೀಖನ್ನು ನೀವು ಬರೆದಿಲ್ಲ. ಅದು ನಿಮ್ಮ ಕೈಗೆ ಬಂದ ದಿನ ಯಾವುದು, ಲಕೋಟೆಯ ಮೇಲಿನ ಅಂಚೆ ಮೊಹರು ಏನು ಹೇಳುತ್ತದೆ ನೋಡಿ. ಲಕೋಟೆ ಬಿಸಾಡಿದ್ದರೆ ಇವತ್ತೇ ಹುಡುಕಿ.