ಮೂರು ಮೂಲೆ ಕಂಡ್ರೆ ಹುಷಾರು, ರೌಂಡ್ ಕಂಡ್ರೆ ಹುಕುಂ: ಎಲ್ಎಲ್ಆರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಸರ್, ನಂಗೀಗ 46 ವರ್ಷ. ಮಗಳು ಮದುವೆ ಆಗಿ ಹೋದ್ಮೇಲೆ ಅವಳ ಸ್ಕೂಟರ್ ಮನೆ ಮುಂದೆ ಧೂಳು ತಿಂತಾ ನಿಂತಿದೆ. ಎಲ್ಎಲ್ಆರ್ (ಗಾಡಿ ಕಲಿಯೋರ ಲರ್ನರ್ ಲೈಸೆನ್ಸ್) ಮಾಡ್ಸೋಣ ಅಂತ ಅದ್ರ ಟೆಸ್ಟಿಗೆ ಪುಸ್ತಕ ತಗೊಂಡೆ, ಅದ್ರಲ್ಲಿ ರೋಡ್ ಬೋರ್ಡ್‌ಗಳ ರಾಶಿ ಚಿತ್ರ, ಬೆಳಿಗ್ಗೆ ಓದಿದ್ದು ಸಾರಿಗೆ ಒಗ್ಗರಣೆ ಹಾಕೋ ಹೊತ್ತಿಗೆ ಮರ್ತು ಹೋಗಿರತ್ತೆ. ಈ ವಯಸ್ಸಲ್ಲಿ ಬಾಯಿಪಾಠ ಮಾಡೋದು ಹೇಗೆ? (ತಿಪಟೂರಿನ ಗೃಹಿಣಿ)

ಉತ್ತರ: ಬಾಯಿಪಾಠ ಮಾಡ್ಲೇಬೇಡಿ ಅಮ್ಮ. ಒಗ್ಗರಣೆ ಡಬ್ಬೀಲಿ ಸಾಸಿವೆ ಎಲ್ಲಿದೆ ಜೀರಿಗೆ ಎಲ್ಲಿದೆ ಅಂತ ನೀವು ಓದ್ಕೊಂಡು ತೆಗಿಯಲ್ವಲ್ಲ, ಕೈಗೇ ಬಟ್ಟಲು ಗೊತ್ತು, ಹಾಗೇ ಇಲ್ಲೂ ಮೊದ್ಲು ಬಟ್ಟಲು ಗೊತ್ತು ಮಾಡ್ಕೊಳ್ಳಿ, ಒಳಗಿನ ಚಿತ್ರ ಆಮೇಲೆ. ಬಟ್ಟಲು ಮೂರೇ. ತ್ರಿಕೋನ ಅಂದ್ರೆ ಮುಂದೆ ಏನೋ ಇದೆ ಹುಷಾರು ಅಂತ, ಹಂಪು, ತಿರುವು, ಸ್ಕೂಲು, ದನ. ರೌಂಡ್ ಅಂದ್ರೆ ಹುಕುಂ, ಪಾಲಿಸಲೇಬೇಕು. ಚೌಕ ಅಥವಾ ಉದ್ದ ಚೌಕ ಅಂದ್ರೆ ಬರೀ ಮಾಹಿತಿ, ಪೆಟ್ರೋಲ್ ಬಂಕ್ ಇಲ್ಲಿದೆ, ಆಸ್ಪತ್ರೆ ಇಲ್ಲಿದೆ ಅನ್ನೋ ತರ. ಈ ಲೆಕ್ಕಕ್ಕೆ ಸಿಗದವು ಎರಡು, ಎಂಟು ಮೂಲೆ ಕೆಂಪು ಬೋರ್ಡ್ ಅಂದ್ರೆ ಸ್ಟಾಪ್, ತಲೆಕೆಳಗಾದ ತ್ರಿಕೋನ ಅಂದ್ರೆ ಬೇರೆಯವ್ರಿಗೆ ದಾರಿ ಬಿಡಿ. ಅವೂ ಹುಕುಂ ಜಾತಿಗೇ ಸೇರಿದ್ದು. ಬೇರೆ ಯಾವ ಬೋರ್ಡಿಗೂ ಆ ಆಕಾರ ಇಲ್ಲ, ಮಣ್ಣು ಮೆತ್ಕೊಂಡಿದ್ರೂ ಹಿಂದ್ಗಡೆಯಿಂದ ನೋಡಿದ್ರೂ ಗೊತ್ತಾಗ್ಲಿ ಅಂತ.

ಇನ್ನು ರೌಂಡಲ್ಲಿ ಬಣ್ಣ ನೋಡಿ. ಕೆಂಪು ಅಂಚಿದ್ರೆ ಸಾಮಾನ್ಯವಾಗಿ ಬೇಡ ಅಂತ, ಇಲ್ಲಾ ಇಷ್ಟರ ಒಳಗೇ ಇರಿ ಅಂತ ಮಿತಿ. ಪೂರ್ತಿ ನೀಲಿ ಇದ್ರೆ ಮಾಡ್ಲೇಬೇಕು ಅಂತ. ಒಂದೇ ಹಾರ್ನ್ ಚಿತ್ರ ನೋಡಿ, ನೀಲಿ ರೌಂಡಲ್ಲಿದ್ರೆ ಹಾರ್ನ್ ಮಾಡ್ಲೇಬೇಕು, ಕೆಂಪು ಅಂಚಲ್ಲಿ ಗೆರೆ ಎಳೆದಿದ್ರೆ ಮಾಡೋ ಹಾಗಿಲ್ಲ. ಎಡಕ್ಕೆ ತಿರುಗಿದ ಬಾಣಕ್ಕೂ ಇದೇ ಕಥೆ. ನಾನು ಕಲಿಸಿದವ್ರಲ್ಲಿ ಜಾಸ್ತಿ ಜನ ಎಡವಿದ್ದು ಪಾರ್ಕಿಂಗ್ ಬೋರ್ಡಲ್ಲಿ, ಅದು ನೀಲಿ ರೌಂಡು ಕೆಂಪು ಅಂಚು ಎರಡೂ ಸೇರಿರೋ ಬೆರಕೆ. ಒಂದು ಅಡ್ಡಗೆರೆ ಇದ್ರೆ ಪಾರ್ಕ್ ಮಾಡಂಗಿಲ್ಲ, ಗುಣಾಕಾರದ ಗುರುತಿನ ತರ ಎರಡು ಗೆರೆ ಇದ್ರೆ ಒಂದ್ನಿಮಿಷ ನಿಲ್ಸಂಗೂ ಇಲ್ಲ. ಎರಡು ಗೆರೆ ಎರಡು ಪಟ್ಟು ಕಟ್ಟುನಿಟ್ಟು ಅನ್ಕೊಳ್ಳಿ.

ರೈಲ್ವೆ ಕ್ರಾಸಿಂಗ್ ಎರಡಿದೆ, ಗೇಟಿನ ಚಿತ್ರ ಇದ್ರೆ ಕಾವಲು ಇದೆ, ಇಂಜಿನ್ ಚಿತ್ರ ಇದ್ರೆ ಕಾವಲಿಲ್ಲ (ಹೊಗೆ ಬಿಡೋ ಹಳೇ ಇಂಜಿನ್ನು, ಈಗಿನ ಮಕ್ಕಳು ಅದನ್ನ ಬೋರ್ಡಲ್ಲೇ ನೋಡ್ಬೇಕು). ಕಾವಲಿಲ್ಲದ ಕಡೆ ಗಾಡಿ ನಿಲ್ಸಿ, ಜೊತೇಲಿರೋ ಕ್ಲೀನರೋ ಕಂಡಕ್ಟರೋ ಇಳಿದು ನೋಡ್ಬೇಕು, ಯಾರೂ ಇಲ್ದಿದ್ರೆ ಡ್ರೈವರ್ರೇ ಇಳಿದು ಎರಡೂ ಕಡೆ ನೋಡ್ಬೇಕು ಅಂತ ಕಾನೂನಲ್ಲೇ ಇದೆ. ಟೆಸ್ಟ್ ಪಾಸಾಗೋಕೆ ನೂರಕ್ಕೆ 60 ಸಾಕು, ಪ್ರಶ್ನೆ ಕನ್ನಡದಲ್ಲೇ ತಗೋಬಹುದು, ಆದ್ರೆ ಅದು ಪುಸ್ತಕದ ಕನ್ನಡ, ನಿಧಾನಕ್ಕೆ ಎರಡ್ಸಲ ಓದಿ. ಹಾಂ, 40 ದಾಟಿರೋದ್ರಿಂದ ಡಾಕ್ಟರ್ ಹತ್ರ ಫಾರಂ 1ಎ (ಮೆಡಿಕಲ್ ಸರ್ಟಿಫಿಕೇಟ್) ಸಹಿ ಮಾಡ್ಸೋದು ಮರೀಬೇಡಿ.

ಪ್ರಶ್ನೆ: ಮಾಕ್ ಟೆಸ್ಟಲ್ಲಿ ಕಿರಿದಾದ ಘಾಟ್ ರಸ್ತೇಲಿ ಯಾರಿಗೆ ಮೊದಲು ದಾರಿ ಅಂತ ಕೇಳಿದ್ರು. ಇಳಿಯೋ ಗಾಡಿಗೆ ಅಂತ ಕೊಟ್ಟೆ, ತಪ್ಪಂತೆ. ಇಳಿಯೋನಿಗೆ ತಾನೇ ಬ್ರೇಕ್ ಹಿಡಿಯೋದು ಕಷ್ಟ? (ಮೂಡಿಗೆರೆ ಕಡೆಯ ಕಾಲೇಜು ಹುಡುಗ)

ಉತ್ತರ: ತಮ್ಮ, ಚಾರ್ಮಾಡಿ ಬಾಗಿಲಲ್ಲೇ ಇದ್ಕೊಂಡು ಈ ಪ್ರಶ್ನೆ ತಪ್ಪು ಮಾಡಿದ್ಯಲ್ಲ! ಹತ್ತೋನಿಗೇ ಮೊದಲು. ಲೋಡ್ ತುಂಬಿದ ಲಾರಿ ಏರಲ್ಲಿ ಒಂದ್ಸಲ ನಿಂತ್ರೆ ಮತ್ತೆ ಎತ್ಬೇಕಾದ್ರೆ ಹ್ಯಾಂಡ್‌ಬ್ರೇಕು ಕ್ಲಚ್ಚು ಆಕ್ಸಿಲರೇಟರ್ ಮೂರೂ ಒಟ್ಟಿಗೆ ಸಂಭಾಳಿಸ್ಬೇಕು, ಸ್ವಲ್ಪ ಎಡವಟ್ಟಾದ್ರೆ ಹಿಂದಕ್ಕೆ ಜಾರತ್ತೆ, ಹಿಂದೆ ನಿನ್ನಂಥೋನು ಬೈಕಲ್ಲಿ ಅಂಟ್ಕೊಂಡು ನಿಂತಿರ್ತಾನೆ. ಇಳಿಯೋನಿಗೆ ನಿಂತು ಹೊರಡೋದು ಅಷ್ಟು ಕಷ್ಟ ಇಲ್ಲ, ಬ್ರೇಕ್ ಬಿಟ್ರೆ ಗಾಡಿ ತಾನೇ ಹೋಗತ್ತೆ. ಬ್ರೇಕ್ ಹಿಡಿಯೋದು ಕಷ್ಟ ಅಂದ್ಯಲ್ಲ, ಅದು ನ್ಯೂಟ್ರಲ್ ಮಾಡ್ಕೊಂಡು ಪೆಟ್ರೋಲ್ ಉಳಿಸ್ತೀನಿ ಅಂತ ಇಳಿಯೋರಿಗೆ. ಹತ್ತುವಾಗ ಯಾವ ಗೇರಲ್ಲಿ ಹತ್ತಿದ್ಯೋ ಇಳಿಯುವಾಗ್ಲೂ ಅದೇ ಗೇರು ಅಂತ ಹಳೇ ಡ್ರೈವರ್‌ಗಳು ಹೇಳ್ತಿದ್ರು, ಇಂಜಿನ್ನೇ ಹಿಡ್ಕೊಳತ್ತೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯೋರಿಗೆ ಎರಡು ನಿಮಿಷ ನಿಲ್ಲೋಕೇನು ಕಷ್ಟ.

ಪ್ರಶ್ನೆ: ಬೆಂಗಳೂರಲ್ಲಿ ಯೆಲ್ಲೋ ಬಿದ್ದಾಗ ನಿಲ್ಸಿದ್ರೆ ಹಿಂದಿನವ್ರು ಹಾರ್ನ್ ಹೊಡೆದು ಬೈತಾರೆ. ಯೆಲ್ಲೋ ಅಂದ್ರೆ ಬೇಗ ದಾಟ್ಕೊಳ್ಳಿ ಅಂತಾನಾ? ಫ್ರೀ ಲೆಫ್ಟ್ ಎಲ್ಲಾ ಕಡೆ ಇರತ್ತಾ?

ಉತ್ತರ: ಅಲ್ಲ. ಯೆಲ್ಲೋ ಅಂದ್ರೆ ಗೆರೆಗಿಂತ ಹಿಂದೆ ನಿಲ್ಲಿ, ಗೆರೆಗೆ ತೀರಾ ಹತ್ರ ಬಂದ್ಬಿಟ್ಟು ಸೇಫಾಗಿ ನಿಲ್ಸೋಕೆ ಆಗಲ್ಲ ಅಂದ್ರೆ ಮಾತ್ರ ದಾಟ್ಕೊಂಡು ಹೋಗಿ. ಹಿಂದಿನವನ ಹಾರ್ನಿಗೆ ಎಲ್ಎಲ್ಆರ್ ಇಲ್ಲ ಬಿಡಿ. ರಾತ್ರಿ ಯೆಲ್ಲೋ ಮಿಣಿಮಿಣಿ ಅಂತಿದ್ರೆ ನಿಧಾನ ಮಾಡಿ ನೋಡ್ಕೊಂಡು ಹೋಗಿ, ಕೆಂಪು ಮಿಣಿಮಿಣಿ ಅಂದ್ರೆ ಪೂರ್ತಿ ನಿಂತು ಆಮೇಲೆ ಹೋಗಿ. ಫ್ರೀ ಲೆಫ್ಟ್ ಬೋರ್ಡೋ ಹಸಿರು ಬಾಣವೋ ಇದ್ರೆ ಮಾತ್ರ, ಇಲ್ದಿದ್ರೆ ಕೆಂಪಿಗೆ ಎಡಕ್ಕೂ ಇಲ್ಲ.

ಪ್ರಶ್ನೆ: ಸರ್ರ, ನಮ್ಮೂರಾಗ ಸೈಬರ್ ಸೆಂಟರ್ ಹುಡುಗ ಆಧಾರ್ ಓಟಿಪಿ ಕೊಡ್ರಿ ಸಾಕು, ಟೆಸ್ಟ್ ನಾನ ಕೊಡ್ತೀನಿ, ಮ್ಯಾಲ 500 ಕೊಡ್ರಿ ಅಂತಾನ್ರಿ. ಮಾಡಸ್ಲೇನ್ರಿ? (ಗದಗ ಜಿಲ್ಲೆಯಿಂದ)

ಉತ್ತರ: ಬ್ಯಾಡ್ರಿ. ಲರ್ನರ್ ಫೀಸು ಒಂದು ಬಗೆ ಗಾಡಿಗೆ 150, ಟೆಸ್ಟಿಗೆ 50, ಅದ್ರ ಮೇಲೆ 500 ಕೊಟ್ಟು ಪಾಸಾಗೋನು ಆ ಹುಡುಗ, ರೋಡಿಗೆ ಇಳಿಯೋರು ನೀವು. ಮನೇಲೇ ಕೂತು ಕೊಡೋ ಟೆಸ್ಟ್ ಅದು, ನಿಮ್ ಮಗಳನ್ನೋ ಮೊಮ್ಮಗನ್ನೋ ಪಕ್ಕ ಕೂರಿಸ್ಕೊಂಡು ಮೊದ್ಲು ಮಾಕ್ ಟೆಸ್ಟ್ ಹತ್ತು ಸಲ ಆಡಿ, ನಿಜವಾದ ಟೆಸ್ಟಿಗೆ ಮಾತ್ರ ಅವ್ರನ್ನ ಆಚೆ ಕಳ್ಸಿ. ಓಟಿಪಿ ಅಂತೂ ಯಾರಿಗೂ ಕೊಡ್ಬೇಡಿ.

ಪ್ರಶ್ನೆ: ಎಲ್ ಬೋರ್ಡ್ ಹಾಕ್ಕೊಂಡ್ರೆ ಒಬ್ನೇ ಕಾರ್ ಓಡಿಸ್ಬಹುದಾ?

ಉತ್ತರ: ಇಲ್ಲ. ಡಿಎಲ್ ಇರೋರು ಪಕ್ಕದಲ್ಲೇ, ಬೇಕಾದಾಗ ಗಾಡಿ ತಡಿಯೋ ಹಾಗೆ ಕೂತಿರ್ಬೇಕು. ಬೋರ್ಡು ಮುಂದೆ ಹಿಂದೆ ಎರಡೂ ಕಡೆ, ಬಿಳಿ ಮೇಲೆ ಕೆಂಪು ಎಲ್, 18 ಸೆಂಟಿಮೀಟರ್ ಚೌಕ. ಕ್ಯಾಲೆಂಡರ್ ಹಿಂದೆ ಸ್ಕೆಚ್ ಪೆನ್ನಲ್ಲಿ ಬರ್ದು ಅಂಟಿಸ್ದೋರನ್ನ ನೋಡಿದೀನಿ, ಮೊದಲ ಮಳೆಗೇ ಎಲ್ ಕರಗಿ ಹೋಗಿತ್ತು. ಎಲ್ಎಲ್ಆರ್ 6 ತಿಂಗಳು ನಡೆಯತ್ತೆ, 30 ದಿನ ಆದ್ಮೇಲೆ ಡಿಎಲ್ ಟೆಸ್ಟಿಗೆ ಹೋಗ್ಬಹುದು.

ಪ್ರಶ್ನೆ: ಮಗನಿಗೆ 16 ತುಂಬ್ತು, 16ಕ್ಕೇ ಲೈಸೆನ್ಸ್ ಸಿಗತ್ತೆ ಅಂತಾರೆ, ಮನೇಲಿರೋ 125 ಸಿಸಿ ಸ್ಕೂಟರ್ ಕೊಡ್ಬಹುದಾ?

ಉತ್ತರ: 16ಕ್ಕೆ ಸಿಗೋದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ, ಅದೂ ಅಪ್ಪ ಅಮ್ಮನ ಒಪ್ಪಿಗೆ ಇದ್ರೆ. 125ಕ್ಕೆ 18 ಆಗ್ಬೇಕು. ಅಷ್ಟ್ರೊಳಗೆ ಕೊಟ್ಟು ಸಿಕ್ಕಿಬಿದ್ರೆ ಕಾನೂನು ಹಿಡಿಯೋದು ನಿಮ್ಮನ್ನ, 25,000 ದಂಡ, 3 ವರ್ಷದ ತನಕ ಜೈಲು, ಗಾಡಿ ಆರ್‌ಸಿ ಒಂದು ವರ್ಷ ರದ್ದು, ಹುಡುಗನಿಗೆ 25 ಆಗೋವರೆಗೂ ಲೈಸೆನ್ಸ್ ಇಲ್ಲ. ಸದ್ಯಕ್ಕೆ ಹಿಂದಿನ ಸೀಟಲ್ಲಿ ಹೆಲ್ಮೆಟ್ ಹಾಕಿ ಕೂರ್ಸಿ, ದಾರೀಲಿ ಬರೋ ಬೋರ್ಡೆಲ್ಲಾ ಅವನೇ ಓದಿ ನಿಮಗೆ ಹೇಳ್ತಾ ಬರ್ಲಿ.